ಮನೆ ಮಾರಿ ಕೊಳ್ಳುವ ಕಣವೆ?

(ಮಾವ ಆರೋಗ್ಯ ಇಲಾಖೆಯಲ್ಲಿ ಹಿರಿಯ ಆರೋಗ್ಯ ಸಹಾಯಕರಾಗಿದ್ದು ನಿವೃತ್ತರಾದವರು. ಯಳಂದೂರು, ಹನೂರು ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಸರ್ವೀಸು ಮುಗಿಸಿದರು. ಸೊಸೆ ಅವರ ಅಕ್ಕನ ಮಗಳು, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ರಕ್ತಕಣ ಬೆಳೆಸುವ ಕೆಲಸದಲ್ಲಿದ್ದಾಳೆ. ಕೊಳ್ಳೇಗಾಲದಲ್ಲಿ ಮಾವನ ಎದುರುಮನೆಯ ನೇಕಾರರಿಗೆ ಹೊಟ್ಟೆಯ ಕ್ಯಾನ್ಸರ್. ಎರಡು ಬಗೆಯ ಕೀಮೋ ಆಗಿದೆ, ಕಾಯಿಲೆ ನಿಂತಿಲ್ಲ. ಅವರ ಮಗ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ, ‘ಕಾರ್-ಟಿ ಅಂತ ಬಂದದಂತೆ, ಮನೆ ಮಾರಿಯಾದರೂ ಕೊಡಿಸ್ತೀನಿ’ ಎಂದು ಮಾವನ ಸಲಹೆ ಕೇಳಿದ್ದಾನೆ. ಮಾತು ಅಲ್ಲಿಂದ ಶುರುವಾಯಿತು.)

ಮಾವ: ನೀನು ಬಂದದ್ದು ಒಳ್ಳೇದಾಯ್ತು ಕನವ್ವ. ಆ ಹುಡುಗ ನಾಳೆ ಮತ್ತೆ ಬತ್ತೀನಿ ಅಂದವನೆ. ಹೂಂ ಅನ್ನಲೋ, ಉಹೂಂ ಅನ್ನಲೋ? ನನಗೆ ಅದೇನು ಅಂತಲೇ ಪೂರಾ ತಿಳೀದು.

ಸೊಸೆ: ರೋಗಿಯ ರಕ್ತದಿಂದ ಟಿ ಕಣ ಬೇರ್ಪಡಿಸ್ತೀವಿ ಮಾವ. ವೈರಸ್ ಹೊಕ್ಕ ಜೀವಕೋಶವನ್ನೋ ಕೆಟ್ಟ ಜೀವಕೋಶವನ್ನೋ ಹುಡುಕಿ ಕೊಲ್ಲುವ ಬಿಳಿ ರಕ್ತಕಣ ಅದು. ಕ್ಯಾನ್ಸರು ನಮ್ಮ ಮೈಯಲ್ಲೇ ಹುಟ್ಟಿದ್ದಾದ್ದರಿಂದ ಎಷ್ಟೋ ಸಲ ಅದಕ್ಕೆ ಗುರುತು ಸಿಗಲ್ಲ. ಅದಕ್ಕೇ ಲ್ಯಾಬಿನಲ್ಲಿ, ಕಾಯಿಲೆ ತರದ ಹಾಗೆ ಮಾಡಿದ ವೈರಸ್ಸಿನ ಮೂಲಕ ಕಣದೊಳಕ್ಕೆ ಹೊಸ ಜೀನು ಸೇರಿಸ್ತೀವಿ. ಕಣದ ಮೈಮೇಲೆ ಹೊಸ ಗ್ರಾಹಕ ಮೂಡುತ್ತೆ. ಯಾವ ಗುರುತು ಹಿಡಿಯಬೇಕು ಅಂತ ನಾವು ಗೊತ್ತುಮಾಡಿರ್ತೀವೋ ಅದನ್ನು ಕಂಡ ಕೂಡಲೇ ಮೇಲೆ ಬೀಳುತ್ತೆ. ಅಂಥ ಕಣಗಳನ್ನು ಕೋಟಿಗಟ್ಟಲೆ ಬೆಳೆಸಿ ಅದೇ ರೋಗಿಗೆ ಡ್ರಿಪ್ಪಿನಲ್ಲಿ ವಾಪಸ್ ಕೊಡೋದು. ಇಸ್ರೇಲಿನ ಝೆಲಿಗ್ ಎಶ್ಹಾರ್ ಅವರ ತಂಡ 1989ರಲ್ಲೇ ಇದರ ಮೊದಲ ರೂಪ ತೋರಿಸಿತ್ತು. ಅಮೆರಿಕ ಔಷಧ ಅಂತ ಒಪ್ಪಿದ್ದು 2017ರಲ್ಲಿ.

ಮಾವ: ಸರಿ. ನಮ್ಮಲ್ಲಿ?

ಸೊಸೆ: ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಆಮೇಲೆ 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ನೆಕ್ಸ್‌ಕಾರ್ ಪರೀಕ್ಷೆಯಲ್ಲಿ ಶೇಕಡಾ 73ರಷ್ಟು ರೋಗಿಗಳಿಗೆ ಗುಣ ಕಂಡಿತು. ಬೇರೆ ಚಿಕಿತ್ಸೆಯೆಲ್ಲ ಸೋತು ಬಂದವರು ಅವರು.

ಮಾವ: ಹಂಗಾದರೆ ಆ ಹುಡುಗ ಹೇಳೋದರಲ್ಲಿ ತಪ್ಪೇನು?

ಸೊಸೆ: ಆ ಎರಡೂ ರಕ್ತದ ಕ್ಯಾನ್ಸರಿಗೆ ಮಾವ, ಲುಕೇಮಿಯಾ, ಲಿಂಫೋಮಾ ಅಂತೀವಲ್ಲ ಅವಕ್ಕೆ. ಹೊಟ್ಟೆ, ಸ್ತನ, ಬಾಯಿ, ಶ್ವಾಸಕೋಶದಲ್ಲಿ ಗಟ್ಟಿ ಗಡ್ಡೆ ಕಟ್ಟುವ ಕ್ಯಾನ್ಸರಿಗೆ ಅವು ಬರಲ್ಲ.

ಮಾವ: ಅಲ್ಲಿ ಕೊಲ್ಲೋ ಕಣ ಇಲ್ಯಾಕೆ ಕೊಲ್ಲದು? ಕ್ಯಾನ್ಸರು ಕ್ಯಾನ್ಸರೇ ಅಲ್ವಾ?

ಸೊಸೆ: ಮೊದಲನೇ ತೊಡಕು ಗುರುತಿನದು. ರಕ್ತದ ಕ್ಯಾನ್ಸರಿನಲ್ಲಿ ನಾವು ಹಿಡಿಯೋದು ಸಿಡಿ19 ಅನ್ನೋ ಗುರುತನ್ನು. ಅದು ಬಿ ಕಣಗಳ ಮೇಲೆ ಮಾತ್ರ ಇರುತ್ತೆ. ಕೆಟ್ಟ ಬಿ ಕಣದ ಜೊತೆ ಒಳ್ಳೇ ಬಿ ಕಣವೂ ಸತ್ತರೆ ಮನುಷ್ಯ ಬದುಕಬಲ್ಲ, ಹೊರಗಿನಿಂದ ಪ್ರತಿಕಾಯ ಕೊಟ್ಟು ಸುಧಾರಿಸಬಹುದು. ಗಡ್ಡೆಯ ಮೇಲಿರುವ ಗುರುತು ಬಹುಪಾಲು ಒಳ್ಳೇ ಅಂಗದ ಮೇಲೂ ಇರುತ್ತೆ. 2010ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಕರುಳಿನ ಕ್ಯಾನ್ಸರಿನ ರೋಗಿಗೆ ಹರ್2 ಅನ್ನೋ ಗುರುತು ಹಿಡಿಯುವ ಕಣ ಕೊಟ್ಟರು. ಅದೇ ಗುರುತು ಶ್ವಾಸಕೋಶದ ಜೀವಕೋಶಗಳ ಮೇಲೂ ತುಸು ಇತ್ತು. ಕಾಲು ಗಂಟೆಯಲ್ಲಿ ಉಸಿರು ಕಟ್ಟಿತು. ಐದು ದಿನಕ್ಕೆ ತೀರಿಕೊಂಡರು.

ಮಾವ: ಅಯ್ಯೋ ಮಾದಪ್ಪ. ಇದನ್ನ ನಾವು ಕಂಡಿದ್ದೀವಿ ಕನವ್ವ, ಬೇರೆ ರೂಪದಲ್ಲಿ. ವೀರಪ್ಪನ್ ಹಿಡಿಯಕ್ಕೆ ಎಸ್‌ಟಿಎಫ್‌ನವರು ಬಂದು ಮಲೆ ಮಾದೇಶ್ವರ ಬೆಟ್ಟದಲ್ಲಿ ಕ್ಯಾಂಪು ಹಾಕಿದಾಗ ನಾನು ಹನೂರು ಸೀಮೆಯಲ್ಲಿ ಕೆಲಸಕ್ಕಿದ್ದೆ. ಊರಲ್ಲಿ ಕಳ್ಳನನ್ನ ಹಿಡಿಯೋ ಪೊಲೀಸು ಕಾಡಿಗೆ ಬಂದರೆ ಅವನಿಗೆ ದಾರಿ ತಿಳೀದು, ನೀರು ಎಲ್ಲಿ ತಿಳೀದು, ಯಾರು ಕಳ್ಳ, ಯಾರು ಸೌದೆಗೆ ಬಂದವನು ತಿಳೀದು. ಎಷ್ಟು ಜನ ಸೋಲಿಗರು, ಹಳ್ಳಿಗರು ಸುಮ್‌ಸುಮ್ಮನೆ ಏಟು ತಿಂದರು! ಮಾನವ ಹಕ್ಕು ಆಯೋಗದ ಸದಾಶಿವ ಸಮಿತಿ ಮುಂದೆ ಅವರೆಲ್ಲ ಹೇಳಿಕೊಂಡದ್ದು ಪೇಪರಲ್ಲೇ ಬಂತಲ್ಲ. ವೀರಪ್ಪನ್ ಸತ್ತದ್ದು 2004ರಲ್ಲಿ. ಅದೂ ಕಾಡಿನ ಒಳಗಲ್ಲ.

ಸೊಸೆ: ಹೋಲಿಕೆ ಸ್ವಲ್ಪ ದೂರ ನಡೆಯುತ್ತೆ ಮಾವ. ದಾರಿ ತಿಳಿಯದು ಅನ್ನೋದು ನಿಜ. ರಕ್ತದ ಕ್ಯಾನ್ಸರಿನಲ್ಲಿ ನಮ್ಮ ಕಣ ಡ್ರಿಪ್ಪಿನಿಂದ ಇಳಿದ ಕೂಡಲೇ ಶತ್ರು ಎದುರಿಗೇ ಇರುತ್ತೆ. ಗಡ್ಡೆಗೆ ಹೋಗಬೇಕಾದರೆ ರಕ್ತನಾಳ ಬಿಟ್ಟು ಇಳಿಯಬೇಕು, ಸುತ್ತ ಕಟ್ಟಿರೋ ನಾರಿನ ಗೋಡೆ ದಾಟಬೇಕು. ಆದರೆ ಒಳಗೆ ಹೋದ ಮೇಲಿನ ಕಥೆಗೆ ನಿಮ್ಮ ಹೋಲಿಕೆ ಸಾಲದು. ಗಡ್ಡೆ ಅಡಗಿ ಕೂರಲ್ಲ, ಬಂದವನ ಕೈಯನ್ನೇ ಕಟ್ಟುತ್ತೆ. ಟಿಜಿಎಫ್-ಬೀಟಾ ಅನ್ನೋ ರಾಸಾಯನಿಕ ಸುರಿಸಿ ಟಿ ಕಣವನ್ನು ಮಂಕಾಗಿಸುತ್ತೆ. ಪಿಡಿ-ಎಲ್1 ಅನ್ನೋ ಅಣುವನ್ನು ಮೇಲೆ ಹೊತ್ತು ‘ನಿಲ್ಲು’ ಅನ್ನೋ ಸಂದೇಶ ಕೊಡುತ್ತೆ. ಒಳಗೆ ಆಮ್ಲಜನಕ ಕಡಿಮೆ, ಸಕ್ಕರೆಯನ್ನು ಗಡ್ಡೆಯೇ ಉಂಡು ಮುಗಿಸಿರುತ್ತೆ. ಹೋದ ಕಣ ಕೆಲವೇ ದಿನಗಳಲ್ಲಿ ದಣಿದು ಕೆಲಸ ನಿಲ್ಲಿಸುತ್ತೆ.

ಮಾವ: ಅಂದರೆ ಗುರುತು ಹಿಡೀಬೇಕು, ದಾರಿ ಹಿಡೀಬೇಕು, ಒಳಕ್ಕೆ ನುಗ್ಗಬೇಕು, ನುಗ್ಗಿದ ಮೇಲೆ ಬದುಕಬೇಕು. ನಾಲ್ಕೂ ಆಗಬೇಕು.

ಸೊಸೆ: ಐದನೇದೂ ಒಂದಿದೆ. ಗಡ್ಡೆಯ ಎಲ್ಲ ಜೀವಕೋಶಗಳ ಮೇಲೂ ಒಂದೇ ಗುರುತು ಇರಲ್ಲ. ಇರೋವನ್ನು ನಾವು ಕೊಂದರೆ ಇಲ್ಲದವು ಉಳಿದು ಬೆಳೀತವೆ. ಮಿದುಳಿನ ಗ್ಲಿಯೋಬ್ಲಾಸ್ಟೋಮಾದಲ್ಲಿ ಹೀಗೇ ಆಯ್ತು. ಕಣ ಗಡ್ಡೆ ಮುಟ್ಟಿತು, ಗುರುತು ಹೊತ್ತವನ್ನು ಕಡಿಮೆ ಮಾಡಿತು, ಮಿಕ್ಕವು ಬೆಳೆದವು.

ಮಾವ: ಇದು ನನಗೆ ಹೊಸದಲ್ಲ. ಕುಷ್ಠಕ್ಕೆ ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ ಕೊಟ್ಟರು. ರೋಗಾಣು ಅದಕ್ಕೆ ಒಗ್ಗಿಕೊಂಡು ಕೂತಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು-ಮೂರು ಔಷಧ ಕೂಡಿಸಿ ಕೊಡಿ ಅಂದ ಮೇಲೇ ಅದು ಮಣಿದದ್ದು.

ಸೊಸೆ: ನಾವೂ ಅದನ್ನೇ ಮಾಡ್ತಿದ್ದೀವಿ. ಒಂದು ಕಣಕ್ಕೆ ಎರಡು ಗುರುತು ಹಿಡಿಯೋ ಶಕ್ತಿ ಕೊಡೋದು ಒಂದು ದಾರಿ. ಅದರಿಂದ ತಪ್ಪಿಸಿಕೊಳ್ಳೋದು ಕಷ್ಟವಾಗುತ್ತೆ. ಎರಡು ಗುರುತೂ ಒಟ್ಟಿಗೆ ಕಂಡರೆ ಮಾತ್ರ ಕೊಲ್ಲು ಅನ್ನೋ ಷರತ್ತು ಇನ್ನೊಂದು ದಾರಿ, ಅದು ಒಳ್ಳೇ ಅಂಗವನ್ನು ಉಳಿಸೋದಕ್ಕೆ. ಅಮೆರಿಕದ ವೆಂಡೆಲ್ ಲಿಮ್ ಅವರ ತಂಡ 2016ರಲ್ಲಿ ಇಂಥ ಷರತ್ತಿನ ಗ್ರಾಹಕ ಮಾಡಿ ತೋರಿಸಿತು. ಟಿಜಿಎಫ್-ಬೀಟಾ ತಟ್ಟದ ಹಾಗೆ ಕಣವನ್ನು ತಿದ್ದೋದು, ‘ನಿಲ್ಲು’ ಅನ್ನೋ ಸಂದೇಶ ಕೇಳಿಸಿಕೊಳ್ಳುವ ಜೀನನ್ನೇ ಕತ್ತರಿಸಿ ತೆಗೆಯೋದು, ಕಣ ತನ್ನ ಬಲವರ್ಧನೆಯ ರಸವನ್ನು ತಾನೇ ಸುರಿಸಿಕೊಳ್ಳೋ ಹಾಗೆ ಮಾಡೋದು, ಡ್ರಿಪ್ ಬಿಟ್ಟು ಗಡ್ಡೆ ಇರೋ ಜಾಗಕ್ಕೇ ನೇರ ಕೊಡೋದು, ಎಲ್ಲ ನಡೀತಿದೆ. ಅಮೆರಿಕದ ಸಿಟಿ ಆಫ್ ಹೋಪ್ ಆಸ್ಪತ್ರೆಯವರಂತೂ ಗಡ್ಡೆಯನ್ನು ಹೊಕ್ಕುವ ವೈರಸ್ಸಿನ ಮೂಲಕ ಗಡ್ಡೆಯ ಮೇಲೆ ಸಿಡಿ19 ಗುರುತನ್ನೇ ಮೂಡಿಸಿದರು. ಇಲಿಗಳಲ್ಲಿ ಫಲ ಕಂಡಿತು.

ಮಾವ: ಇಲಿಯ ಮಾತು ಬುಡು. ಮನುಷ್ಯರಲ್ಲಿ ಹೇಳು. ಎಷ್ಟು ಜನಕ್ಕೆ ಕೊಟ್ಟರು, ಎಷ್ಟು ಜನ ಎದ್ದರು?

ಸೊಸೆ: ರೋಮಿನ ಮಕ್ಕಳ ಆಸ್ಪತ್ರೆ ಬಂಬಿನೊ ಜೆಸುನಲ್ಲಿ ನ್ಯೂರೋಬ್ಲಾಸ್ಟೋಮಾ ಅನ್ನೋ ಗಡ್ಡೆ ಮರುಕಳಿಸಿದ, ಇಲ್ಲವೆ ಚಿಕಿತ್ಸೆಗೆ ಬಗ್ಗದ 27 ಜನಕ್ಕೆ ಕೊಟ್ಟರು. 2023ರ ವರದಿ. 17 ಜನರಲ್ಲಿ ಗಡ್ಡೆ ಕುಗ್ಗಿತು, ಅವರಲ್ಲಿ 9 ಜನಕ್ಕೆ ಪೂರ್ತಿ ಮಾಯವಾಯಿತು. ಆ ಕಣಗಳಲ್ಲಿ ಒಂದು ಸ್ವಿಚ್ಚೂ ಇತ್ತು, ಕಣ ಹದ್ದು ಮೀರಿದರೆ ಒಂದು ಔಷಧ ಕೊಟ್ಟು ಅದನ್ನೇ ಸಾಯಿಸಬಹುದು. ಸ್ಟ್ಯಾನ್‌ಫೋರ್ಡಿನಲ್ಲಿ ಮಿದುಳಿನ ಕಾಂಡದಲ್ಲೋ ಬೆನ್ನುಹುರಿಯಲ್ಲೋ ಗಡ್ಡೆ ಇದ್ದ 11 ಎಳೆಯರಿಗೆ ಕೊಟ್ಟರು. 2024ರ ವರದಿ. ನಾಲ್ವರಲ್ಲಿ ಗಡ್ಡೆ ಬಹಳ ಇಳಿಯಿತು, ಒಬ್ಬರಲ್ಲಿ ಪೂರ್ತಿ ಹೋಯಿತು. ಆಪರೇಷನ್ನಿನಲ್ಲಿ ಪೂರ್ತಿ ತೆಗೆಯಲಾಗದ ಜಾಗ ಅದು, ರೇಡಿಯೇಷನ್ ಕೊಟ್ಟರೂ ಕೆಲವು ತಿಂಗಳ ಮಾತು.

ಮಾವ: ಎರಡೂ ಸೇರಿ ನಲವತ್ತು ಜನ ಆಗಲಿಲ್ಲ. ಅದೂ ಅಪರೂಪದ ಕಾಯಿಲೆ. ನಮ್ಮ ನೇಕಾರನ ಹೊಟ್ಟೆಗೆ ಬಾ.

ಸೊಸೆ: ಬರ್ತೀನಿ. ಹೊಟ್ಟೆಯದು ಚೀನಾದಲ್ಲಿ ಆಗಿದೆ. ಹೊಟ್ಟೆಯ ಒಳಪೊರೆಯ ಜೀವಕೋಶಗಳ ಸಂದಿಯಲ್ಲಿ ಕ್ಲಾಡಿನ್ 18.2 ಅನ್ನೋ ಪ್ರೋಟೀನು ಅಡಗಿರುತ್ತೆ. ಕ್ಯಾನ್ಸರಾದಾಗ ಜೀವಕೋಶಗಳ ಜೋಡಣೆ ಕೆಟ್ಟು ಅದು ಹೊರಗೆ ಕಾಣುತ್ತೆ. ಅದನ್ನು ಹಿಡಿಯೋ ಕಣ ಮಾಡಿದರು. ಗಟ್ಟಿ ಗಡ್ಡೆಗೆ ಕಾರ್-ಟಿಯನ್ನು ಮಾಮೂಲಿ ಚಿಕಿತ್ಸೆಯ ಎದುರಿಗೆ ಚೀಟಿ ಎತ್ತಿ ಹೋಲಿಸಿದ ಮೊದಲ ಪರೀಕ್ಷೆ ಅದು. 156 ಜನ, ಎಲ್ಲರೂ ಕಡೇಪಕ್ಷ ಎರಡು ಚಿಕಿತ್ಸೆ ಸೋತವರು, ಎದುರುಮನೆಯವರ ಹಾಗೇ. 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕಾಯಿಲೆ ಮತ್ತೆ ಮುಂದುವರಿಯದೆ ನಿಂತ ಅವಧಿ ಸುಮಾರು ಎರಡರಷ್ಟಾಯಿತು.

ಮಾವ: ಎರಡರಷ್ಟು ಅಂದರೆ ಎಷ್ಟು ತಿಂಗಳು? ಬಿಡಿಸಿ ಹೇಳವ್ವ.

ಸೊಸೆ: ನಡುವಿನ ಲೆಕ್ಕ ಹಿಡಿದರೆ 1.77 ತಿಂಗಳಿದ್ದದ್ದು 3.25 ಆಯಿತು. ಬದುಕಿದ ಅವಧಿ 5.49ರಿಂದ 7.92 ತಿಂಗಳಿಗೆ ಹೋಯಿತು.

ಮಾವ: ಎರಡೂವರೆ ತಿಂಗಳು. ಅದಕ್ಕೆ ಮನೆ.

ಸೊಸೆ: ನಡುವಿನ ಲೆಕ್ಕ ಒಬ್ಬೊಬ್ಬರ ಕಥೆ ಹೇಳಲ್ಲ ಮಾವ. ಕೆಲವರಿಗೆ ಏನೂ ಆಗಲ್ಲ, ಕೆಲವರಿಗೆ ವರ್ಷಗಟ್ಟಲೆ ಸಿಗಬಹುದು. ಜೊತೆಗೆ ಕಣ ಕೊಡಬೇಕು ಅಂತ ಚೀಟಿ ಬಿದ್ದ ಗುಂಪಿನ 104 ಜನರಲ್ಲಿ ಕಣ ಸೇರಿದ್ದು 88 ಜನಕ್ಕೆ ಮಾತ್ರ. ಲೆಕ್ಕ ಹಾಕುವಾಗ ಸೇರದವರನ್ನೂ ಬಿಡಲಿಲ್ಲ. ಆಮೇಲೆ ಎದುರು ಗುಂಪಿನವರಲ್ಲೂ ಇಪ್ಪತ್ತು ಜನಕ್ಕೆ ಇದೇ ಕಣ ಕೊಟ್ಟರು. ಅದನ್ನೆಲ್ಲ ಹೊತ್ತುಕೊಂಡೂ ವ್ಯತ್ಯಾಸ ಕಾಣ್ತು.

ಮಾವ: ಮಿಕ್ಕ ಹದಿನಾರು ಜನ ಕಾದೇ ಕಾದರು. ಅವರ ಮನೆಯೋರಿಗೆ ನಿನ್ನ ಲೆಕ್ಕ ಹೇಳು ನೋಡೋಣ. ಮತ್ತೆ ತೊಂದರೆ? ಕೀಮೋಗಿಂತ ಹಗುರವಾ?

ಸೊಸೆ: ಇಲ್ಲ. ಕಣ ಕೊಡೋ ಮುಂಚೆ ಜಾಗ ಮಾಡೋದಕ್ಕೆ ಕೀಮೋ ಕೊಟ್ಟು ಇರೋ ಬಿಳಿಕಣ ಇಳಿಸ್ತಾರೆ. ಆ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ತೀವ್ರ ಅನ್ನಿಸುವ ಅಡ್ಡಪರಿಣಾಮ ಒಂದಲ್ಲ ಒಂದು ಬಂತು, ಹೆಚ್ಚಿನವು ಈ ರಕ್ತಕಣ ಇಳಿದದ್ದರಿಂದ. ಜ್ವರ, ರಕ್ತದೊತ್ತಡ ಕುಸಿಯೋದೂ ಸಾಮಾನ್ಯ. ಅದನ್ನು ಹಿಡಿದು ನಿಲ್ಲಿಸೋ ಔಷಧ ಇದೆ, ಆದರೆ ಐಸಿಯು ಹತ್ತಿರದಲ್ಲಿರಬೇಕು. ಬಿಡುಗಡೆಯಾದ ಮೇಲೂ ಕೆಲವು ವಾರ ಆಸ್ಪತ್ರೆಯ ಸಮೀಪವೇ ಉಳೀಬೇಕು.

ಮಾವ: ಹೇಳ್ತೀನಿ ಕೇಳು. ಮಗ್ಗದ ಮನೆಯಲ್ಲಿ ಒಬ್ಬ ಮಲಗಿದರೆ ಇನ್ನೊಬ್ಬ ನೋಡ್ಕಬೇಕು, ಅಲ್ಲಿಗೆ ಇಬ್ಬರ ಕೂಲಿ ಹೋಯ್ತು. ಬೆಂಗಳೂರಲ್ಲಿ ರೂಮು ಮಾಡಬೇಕು. ಇದು ಕೊಳ್ಳೇಗಾಲದ ಕಥೆ, ಬಸ್ಸಾದರೂ ಅದೆ. ಬೆಟ್ಟದ ದೊಡ್ಡಾಣೆ ಕಡೆಯಿಂದ ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಓದಿದ್ದೀಯಲ್ಲ. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷ. ನಿನ್ನ ಕಣಕ್ಕೆಷ್ಟು?

ಸೊಸೆ: ರಕ್ತದ ಕ್ಯಾನ್ಸರಿಗೆ ನಮ್ಮ ದೇಶದಲ್ಲಿ ಮೂವತ್ತು ನಲವತ್ತು ಲಕ್ಷದ ಆಸುಪಾಸು. ಅಮೆರಿಕದಲ್ಲಿ ಮೊದಲು ಬಂದದ್ದಕ್ಕೆ 4,75,000 ಡಾಲರ್ ಇಟ್ಟಿದ್ದರು. ಅದರ ಎದುರಿಗೆ ನಮ್ಮದು ಎಷ್ಟೋ ಪಾಲು ಅಗ್ಗ.

ಮಾವ: ಅಮೆರಿಕದ ಎದುರಿಗೆ ಅಗ್ಗ, ಕೊಳ್ಳೇಗಾಲದ ಎದುರಿಗೆ? ನೋಡವ್ವ, ಈ ಸೀಮೆಯ ಗಟ್ಟಿ ಗಡ್ಡೆ ಯಾವುದು? ಎಲೆ ಅಡಕೆ ಜೊತೆ ಕಡ್ಡಿಪುಡಿ ಹಾಕ್ಕಂಡು ಹಾಕ್ಕಂಡು ದವಡೆ ಸಂದಿಯಲ್ಲಿ ಹುಣ್ಣಾದೋರು, ಬಿಳುಪು ಹೋಗ್ತದೆ ಅಂತ ಹೇಳೋಕೂ ನಾಚಿಕೊಂಡು ಕೂತ ಹೆಂಗಸರು, ಎದೆಯಲ್ಲಿ ಗಂಟಾದರೂ ಹಬ್ಬ ಮುಗೀಲಿ ಅಂತ ಕಾದೋರು. ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡೋದಕ್ಕೆ ಎಷ್ಟು ಖರ್ಚು? ಕೇರಳದಲ್ಲಿ ನೋಡಿದರಲ್ಲ?

ಸೊಸೆ: ಹೌದು, ತಿರುವನಂತಪುರದ ಅಧ್ಯಯನ, 2005ರದು. ಹೊಗೆಸೊಪ್ಪು, ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಟಾಟಾದವರು ಮುಂಬೈನ ಕೊಳೆಗೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರ ಕೈಲಿ ವಿನೆಗರ್ ಹಚ್ಚಿಸಿ ಗರ್ಭಕೊರಳನ್ನು ಪರೀಕ್ಷೆ ಮಾಡಿಸಿದರು. ಅಲ್ಲೂ ಸಾವು ಶೇಕಡಾ 31ರಷ್ಟು ಇಳಿಯಿತು.

ಮಾವ: ಟಾರ್ಚು, ವಿನೆಗರ್. ಎರಡೂ ಸೇರಿ ನೂರು ರೂಪಾಯಿ ಆಗದು. ಸಾವು ಮೂರರಲ್ಲಿ ಒಂದು ಪಾಲು ಇಳಿಯಿತು! ನಿನ್ನ ಕಣ ಇಷ್ಟು ಇಳಿಸಿದ ದಿನ ಬಂದು ಹೇಳು. ಯಳಂದೂರು ತಾಲ್ಲೂಕಲ್ಲಿ 1987ರಲ್ಲಿ ಸಾವಿರಕ್ಕೆ ಇಪ್ಪತ್ತೊಂದರ ಮೇಲೆ ಕುಷ್ಠ ಇತ್ತು. ಡಾಕ್ಟರ್ ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಶುರು ಮಾಡಿ, ಆಮೇಲೆ ಬಯಲಿಗೆ ಇಳಿದು ಕರುಣಾ ಟ್ರಸ್ಟ್ ಕಟ್ಟಿದ್ದೇ ಇದಕ್ಕೆ. ಮನೆ ಮನೆ ಹೊಕ್ಕು, ಬೆನ್ನು ನೋಡಿ, ಮಚ್ಚೆ ಮುಟ್ಟಿ, ಮಾತ್ರೆ ನುಂಗಿಸಿ ಇಳಿಸಿದೆವು. ಯಾವ ಲ್ಯಾಬಿನಲ್ಲೂ ಆದದ್ದಲ್ಲ ಅದು, ಕಾಲಿನಲ್ಲಿ ಆದದ್ದು.

ಸೊಸೆ: ಆ ಮಾತ್ರೆ ಎಲ್ಲಿಂದ ಬಂತು ಮಾವ?

ಮಾವ: ಅಂದರೆ?

ಸೊಸೆ: ರಿಫಾಂಪಿಸಿನ್ ಹುಟ್ಟಿದ್ದು ಇಟಲಿಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ. ಬಂದ ಹೊಸದರಲ್ಲಿ ಬಹಳ ದುಬಾರಿ. ತಿಂಗಳಿಗೊಮ್ಮೆ ನಿಮ್ಮ ಎದುರಿಗೇ ನುಂಗಿಸಿ ಅಂತ ನಿಯಮ ಮಾಡಿದ್ದರಲ್ಲಿ ಅದರ ಬೆಲೆಯದೂ ಪಾಲಿತ್ತು. 1995ರಿಂದ ಜಗತ್ತಿಗೆಲ್ಲ ಪುಕ್ಕಟೆ ಸಿಗೋ ಹಾಗಾಯಿತು. ಬರೀ ಕಾಲಿದ್ದು ಮಾತ್ರೆ ಇಲ್ಲದಿದ್ದರೆ ನೀವು ಮನೆಮನೆಗೆ ಹೋಗಿ ಮಚ್ಚೆ ಎಣಿಸಿಕೊಂಡು ಬರ್ತಿದ್ದಿರಿ, ಅಷ್ಟೇ. ಅವತ್ತು ಯಾರಾದರೂ ‘ಇದು ಬಡವರ ಕಾಯಿಲೆ, ದುಬಾರಿ ಔಷಧ ಯಾಕೆ’ ಅಂದಿದ್ದರೆ?

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಆ ಮಾತು ಒಪ್ಪಬೇಕಾದ್ದೇ. ಆದರೂ ಒಂದು ವ್ಯತ್ಯಾಸ ಅದೆ. ಮಾತ್ರೆ ಒಂದು ಸಲ ಕಂಡುಹಿಡಿದರೆ ಗುಂಡ್ಲುಪೇಟೆಗೂ ಅದೇ, ಗುವಾಹಟಿಗೂ ಅದೇ. ಕೋಟಿ ಮಾಡಿದರೆ ಅಗ್ಗ ಆಗ್ತದೆ. ನೀನು ಪ್ರತಿ ರೋಗಿಗೂ ಹೊಸದಾಗಿ ಅವನ ರಕ್ತದಿಂದಲೇ ಮಾಡಬೇಕು. ಕೊಳ್ಳೇಗಾಲದ ಸೀರೆ ಹಂಗೆ ಒಂದೊಂದು ಕೈಲಿ ನೇಯೋದು ಎಲ್ಲಿ ಅಗ್ಗ ಆದದ್ದು?

ಸೊಸೆ: ಸರಿಯಾದ ಪ್ರಶ್ನೆ. ಇವತ್ತಿನ ಬೆಲೆಯಲ್ಲಿ ಅದೇ ದೊಡ್ಡ ಪಾಲು. ಅದಕ್ಕೆ ಎರಡು ಉತ್ತರ ಹುಡುಕ್ತಿದ್ದಾರೆ. ವೆಲ್ಲೂರಿನ ಸಿಎಂಸಿಯವರು ಕಣವನ್ನು ಕಾರ್ಖಾನೆಗೆ ಕಳಿಸದೆ ಆಸ್ಪತ್ರೆಯೊಳಗೇ, ಒಂಬತ್ತು ದಿನದಲ್ಲಿ ತಯಾರಿಸಿ ಕೊಟ್ಟಿದ್ದಾರೆ, ಖರ್ಚು ಬಹಳ ಇಳಿದಿದೆ. ಅದೂ ರಕ್ತದ ಕ್ಯಾನ್ಸರಿಗೇ. ಇನ್ನೊಂದು, ಕಣವನ್ನು ಹೊರಗೆ ತೆಗೆಯದೇ ಜೀನನ್ನು ಹೊತ್ತ ಚುಚ್ಚುಮದ್ದು ಕೊಟ್ಟು ಮೈಯೊಳಗೇ ಟಿ ಕಣವನ್ನು ತಿದ್ದೋದು. ಹಾಗಾದರೆ ಅದೂ ನಿಮ್ಮ ಮಾತ್ರೆಯ ಹಾಗೆ, ಎಲ್ಲರಿಗೂ ಒಂದೇ ಸೀಸೆ. ಬೆರಳೆಣಿಕೆಯ ರೋಗಿಗಳಲ್ಲಿ ಶುರುವಾಗಿದೆ.

ಮಾವ: ಅದಾಗಲಿ, ಕೈ ಮುಗೀತೀನಿ. ಆಗೋವರೆಗೂ ದುಡ್ಡು ಯಾವ ಕಡೆಗೆ ಹೋಗಬೇಕು ಅನ್ನೋದೇ ನನ್ನ ತಕರಾರು.

ಸೊಸೆ: ನಿಮ್ಮ ಟಾರ್ಚಿಗೂ ನಮ್ಮ ಕಣಕ್ಕೂ ಜಗಳ ಇಲ್ಲ ಮಾವ. ಲ್ಯಾಬಿನಲ್ಲಿ ನಾನು ಕಣ್ಣಾರೆ ಕಾಣೋದು ಹೇಳ್ತೀನಿ. ನಾವು ಬೆಳೆಸೋದು ರೋಗಿಯದೇ ಕಣ. ನಾಲ್ಕು ಸುತ್ತು ಕೀಮೋ ತಿಂದು, ತೂಕ ಇಳಿದು ಬಂದವರ ಟಿ ಕಣ ಎಣಿಕೆಯಲ್ಲೂ ಕಡಿಮೆ, ಬಲದಲ್ಲೂ ಕಡಿಮೆ. ಬೇಗ ಬಂದವರ ಕಣ ಚೆನ್ನಾಗಿ ಬೆಳೆಯುತ್ತೆ, ಮೈಗೆ ಹೋದ ಮೇಲೂ ಹೆಚ್ಚು ದಿನ ಬಾಳುತ್ತೆ. ಗಡ್ಡೆ ಚಿಕ್ಕದಿದ್ದಷ್ಟೂ ಅದರ ಕೆಲಸವೂ ಹಗುರ. ಹಾಗಾಗಿ ಕಣವನ್ನು ಸುಧಾರಿಸೋ ಒಂದು ದಾರಿ ಹನೂರಿನ ಆಶಾ ಕಾರ್ಯಕರ್ತೆಯ ಕೈಯಲ್ಲೂ ಇದೆ.

ಮಾವ: ಅಲ್ಲಿಗೆ ನನ್ನ ಮಾತೇ ಗೆದ್ದಂಗಾಯ್ತಲ್ಲ! ಬೇಗ ಸಿಕ್ಕಿದರೆ ಆಪರೇಷನ್ನೇ ಸಾಕು. ಬಾಯಿಯ ಹುಣ್ಣು ಕಾಸಗಲ ಇದ್ದಾಗ ತೆಗೆದರೆ ನಿನ್ನ ಕಣ ಯಾರಿಗೆ ಬೇಕು?

ಸೊಸೆ: ಬಾಯಿಗೆ ಬೇಡ. ಆ ಮಾತು ನಿಮ್ಮದೇ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಬಾಯಿ, ಗಂಟಲಿನ ಗಡ್ಡೆಗೇ ನೇರ ಈ ಕಣ ಚುಚ್ಚಿ ನೋಡಿದರು. ಅಪಾಯ ಆಗಲಿಲ್ಲ, ಕೆಲವರಲ್ಲಿ ಗಡ್ಡೆ ಕೆಲಕಾಲ ಬೆಳೆಯದೆ ನಿಂತಿತು, ಅಷ್ಟೇ. ಕಡ್ಡಿಪುಡಿ ಬಿಡಿಸೋದಕ್ಕೆ ಸಮ ಆಗಲ್ಲ ಅದು. ಆದರೆ ಮಿದುಳಿನ ಕಾಂಡದಲ್ಲಿ ಗಡ್ಡೆ ಬಂದ ಆರು ವರ್ಷದ ಮಗುವಿಗೆ ಯಾವ ಟಾರ್ಚು ಬಿಡ್ತೀರಿ? ಆ ಮಗು ಏನು ಅಗಿದಿತ್ತು? ಮೇದೋಜೀರಕ ಗ್ರಂಥಿಯ ಕ್ಯಾನ್ಸರು ನೋವು ಕೊಡುವ ಹೊತ್ತಿಗೆ ಹೆಚ್ಚಿನವರಲ್ಲಿ ಹರಡಿರುತ್ತೆ. ಮನೆ ಮನೆ ತಿರುಗಿದರೂ ಸಿಗದ ಕಾಯಿಲೆಗಳೂ ಇವೆ ಮಾವ. ಅವರಿಗೆ ‘ಬೇಗ ಬರಬೇಕಿತ್ತು’ ಅಂದರೆ ಅದು ಬೈಗುಳ.

ಮಾವ: ಹೂಂ. ಸೋಲಿಗರ ಮಕ್ಕಳಲ್ಲಿ ಕುಡುಗೋಲು ಕಣದ ರಕ್ತಹೀನತೆ ಅದೆ, ಹುಟ್ಟುತ್ತಲೇ ಬಂದದ್ದು. ಅದಕ್ಕೂ ಜೀನು ತಿದ್ದೋ ಚಿಕಿತ್ಸೆ ಬರ್ತದೆ ಅಂದಾಗ ನಾನು ಬ್ಯಾಡ ಅನ್ನಲಿಲ್ಲ. ಈಗ ಬ್ಯಾಡ ಅಂದರೆ ನನ್ನ ಮಾತಿಗೆ ನಾನೇ ತಪ್ಪಿದಂಗೆ. ಆದರೆ ಒಂದು ನೀನೂ ಒಪ್ಪಬೇಕು. ವಿಡಿಯೊದಲ್ಲಿ ಬದುಕಿದವರನ್ನ ತೋರಿಸ್ತಾರೆ, ಸತ್ತವರನ್ನ ತೋರಿಸದಿಲ್ಲ. ಆ ಹುಡುಗನ ಕಣ್ಣಿಗೆ ಬಿದ್ದದ್ದು ರಕ್ತದ ಕ್ಯಾನ್ಸರಿನ ಗೆಲುವು. ಅವನ ಅಪ್ಪನಿಗಿರೋದು ಹೊಟ್ಟೆಯದು.

ಸೊಸೆ: ಒಪ್ಪಿದೆ. ಆ ವ್ಯತ್ಯಾಸವನ್ನು ನಮ್ಮ ಕಡೆಯವರು ಒತ್ತಿ ಹೇಳಲ್ಲ. ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಅಂದರೆ ಜನ ನೋಡ್ತಾರೆ. ‘ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಸಿಕ್ಕಿತು, ಗಡ್ಡೆಗೆ ಇನ್ನೂ ಪರೀಕ್ಷೆಯಲ್ಲಿದೆ’ ಅಂದರೆ ಯಾರೂ ನೋಡಲ್ಲ. ನೀವೂ ಒಂದು ಒಪ್ಪಬೇಕು. ‘ಎರಡೂವರೆ ತಿಂಗಳು’ ಅಂತ ಅಂದಿರಲ್ಲ, ಆ ದನಿಯಲ್ಲಿ ಅವರ ಮನೆಯಲ್ಲಿ ಹೇಳಬೇಡಿ. ಮಗಳ ಮದುವೆಗೆ ಎರಡು ತಿಂಗಳಿರುವ ಮನೆಯಲ್ಲಿ ಅದು ಸಣ್ಣ ಲೆಕ್ಕ ಅಲ್ಲ.

ಮಾವ: ಹೇಳದಿಲ್ಲ ಬುಡು. ಆದರೆ ಆ ಮದುವೆಗೇ ಮನೆ ಬೇಕು ಅನ್ನೋದನ್ನೂ ಹೇಳದೆ ಇರಲಾರೆ. ಈಗ ನೆಟ್ಟಗೆ ಹೇಳು, ನಾಳೆ ಅವನಿಗೆ ಏನು ಹೇಳಲಿ?

ಸೊಸೆ: ನೀವು ಏನು ಹೇಳಬೇಕು ಅಂತಿದ್ದೀರಿ?

ಮಾವ: ಮನೆ ಮಾರಬ್ಯಾಡ ಅಂತೀನಿ. ಹೊಟ್ಟೆಯ ಕ್ಯಾನ್ಸರಿಗೆ ದುಡ್ಡು ಕೊಟ್ಟು ಕೊಳ್ಳೋ ಕಾರ್-ಟಿ ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದೇ ಇಲ್ಲ ಅಂತೀಯ. ಹಂಗಿದ್ದ ಮೇಲೆ ಲಕ್ಷ ತಗಂಡು ಕೊಡಿಸ್ತೀನಿ ಅನ್ನೋನು ಕಳ್ಳ. ಕಿದ್ವಾಯಿಗೆ ಹೋಗು, 1973ರಿಂದ ಇರೋ ಸರ್ಕಾರದ ಆಸ್ಪತ್ರೆ, ನಮ್ಮ ಕಡೆಯೋರು ಎಷ್ಟೋ ಜನ ಹೋಗಿಬಂದವರೆ. ನೋವು ಇಳಿಸೋ ಔಷಧ ಕೇಳಿ ಇಸ್ಕೊ. ಅಪ್ಪನ್ನ ಊಟ ಮಾಡಿಸು. ಇಷ್ಟು.

ಸೊಸೆ: ನಾನು ಇನ್ನೆರಡು ಸೇರಿಸ್ತೀನಿ. ಗಡ್ಡೆಯ ತುಣುಕನ್ನು ಕ್ಲಾಡಿನ್ 18.2ಗೆ, ಹರ್2ಗೆ ಪರೀಕ್ಷೆ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಲಿ. ಎಲ್ಲರ ಗಡ್ಡೆಯಲ್ಲೂ ಅವು ಇರಲ್ಲ. ಇದ್ದರೆ ಬೇರೆ ಔಷಧಕ್ಕೂ ದಾರಿಯಾಗಬಹುದು. ಎರಡನೇದು, ದೇಶದಲ್ಲಿ ನಡೆಯುವ ಪ್ರತಿ ಔಷಧ ಪರೀಕ್ಷೆಯನ್ನೂ ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಲೇಬೇಕು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಗಟ್ಟಿ ಗಡ್ಡೆಗೆ ಕಣದ ಪರೀಕ್ಷೆ ಎಲ್ಲಾದರೂ ತೆರೆದಿದೆಯಾ ಅಂತ ನಾನೇ ಹುಡುಕಿಕೊಡ್ತೀನಿ. ಪರೀಕ್ಷೆಯ ಔಷಧಕ್ಕೆ ರೋಗಿಯಿಂದ ದುಡ್ಡು ತಗೋಬಾರದು ಅನ್ನೋದು ಐಸಿಎಂಆರ್ ನಿಯಮ.

ಮಾವ: ಸಿಕ್ಕಿದರೆ ಹೋಗು ಅಂತೀಯ?

ಸೊಸೆ: ಡಾಕ್ಟರು ಮೈ ತಡೆಯುತ್ತೆ ಅಂದರೆ, ಅವರಿಗೂ ಮನಸ್ಸಿದ್ದರೆ, ಹೋಗಲಿ ಅಂತೀನಿ. ಅವರಿಗೆ ಫಲ ಸಿಗದಿದ್ದರೂ ಮುಂದಿನವರ ಕಣ ತಿದ್ದೋದಕ್ಕೆ ಅದರಿಂದ ಪಾಠ ಸಿಗುತ್ತೆ.

ಮಾವ: ಮುಂದಿನವರಿಗೆ ಪಾಠ ಆಗು ಅಂತ ನಾನು ಹೇಳಲಾರೆ ಕನವ್ವ. ಅದನ್ನ ಅವರೇ ಹೇಳಬೇಕು, ಅವರ ಬಾಯಿಂದಲೇ ಬರಬೇಕು. ಮಗ ನಿರ್ಧಾರ ಮಾಡೋದಲ್ಲ, ನಾವೂ ಅಲ್ಲ.

ಸೊಸೆ: ಅಷ್ಟಕ್ಕೆ ನನ್ನದೂ ಒಪ್ಪಿಗೆ. ಮಿಕ್ಕದ್ದರಲ್ಲಿ ನಿಮ್ಮ ತಕರಾರು ನಿಮಗಿರಲಿ, ನನ್ನದು ನನಗಿರಲಿ.

(ಮಾವ ಇಂದಿಗೂ ಟಾರ್ಚಿನ ಪರ, ಸೊಸೆ ಕಣದ ಪರ. ಇಬ್ಬರೂ ಸೇರಿ ಆ ಹುಡುಗನಿಗೆ ಹೇಳಿದ ಮಾತು ಓದುವವರಿಗೂ ಸಲ್ಲುತ್ತದೆ: ನಮ್ಮಲ್ಲೇ ತಯಾರಾಗಿ ಒಪ್ಪಿಗೆ ಪಡೆದಿರುವ ಕಾರ್-ಟಿ ಚಿಕಿತ್ಸೆಗಳು ರಕ್ತದ ಕ್ಯಾನ್ಸರಿನವು. ಗಟ್ಟಿ ಗಡ್ಡೆಗೆ ಅದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಪರೀಕ್ಷೆಗೆ ಸೇರುವುದಾದರೆ ಸಿಟಿಆರ್‌ಐ ಸಂಖ್ಯೆ ಕೇಳಿ ಪಡೆಯಿರಿ. ಸಂಖ್ಯೆ ಕೊಡದೆ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.)